ಫೋನು ಬೀರುವಿನಲ್ಲಿದೆ, ಊರು ಕ್ಷೇಮ

ಆಂಧ್ರ ಗಡಿಯ ಮಾಧವರಂ ಚೆಕ್‌ಪೋಸ್ಟಿನ ಮೂಗು ಬಲು ಚುರುಕು. ರಾಯಚೂರು ಕಡೆಯಿಂದ ಬರುವ ಸ್ಕೂಟರಿನ ಸೀಟಿನ ಕೆಳಗೆ ಕರ್ನಾಟಕದ ಮದ್ಯದ ಟೆಟ್ರಾ ಪ್ಯಾಕೆಟ್ ನಾಲ್ಕೇ ನಾಲ್ಕಿದ್ದರೂ ಅದಕ್ಕೆ ವಾಸನೆ ಬಡಿಯುತ್ತದೆ. ಜಗನ್ ಸರ್ಕಾರ ಮದ್ಯದ ದರ ಏರಿಸಿದ ವರ್ಷಗಳಲ್ಲಂತೂ ಗಡಿ ದಾಟುವ ಚೀಲಗಳಿಗೆಲ್ಲ ಕಳ್ಳನ ಮುಖ ಬಂದಿತ್ತು. ಅಕ್ರಮ ಮದ್ಯ, ಅಕ್ರಮ ಮರಳು ಹಿಡಿಯಲು 2020ರಲ್ಲಿ ಎಸ್‌ಇಬಿ ಎಂಬ ಹೊಸ ದಳವೇ ಹುಟ್ಟಿತು.

ಅದೇ ರಸ್ತೆಯಲ್ಲಿ, ಅದೇ ಸ್ಕೂಟರಿನವನ ಅಂಗಿ ಜೇಬಿನಲ್ಲಿ, ಒಬ್ಬ ಹುಡುಗಿಯ ತಿದ್ದಿದ ಫೋಟೋ ದಿನಕ್ಕೆ ಇಪ್ಪತ್ತು ಸಲ ಗಡಿ ದಾಟುತ್ತದೆ. ಅದಕ್ಕೆ ವಾಸನೆಯಿಲ್ಲ. ಅಬಕಾರಿ ಸುಂಕವೂ ಇಲ್ಲ. ಖಜಾನೆಗೆ ನಷ್ಟ ಮಾಡದ ಮಾಲು ಸರ್ಕಾರದ ಕಣ್ಣಿಗೆ ಬೀಳುವುದಿಲ್ಲ.

ಹುಡುಗಿ ಯಾರು ಅಂತ ಕೇಳಬೇಡಿ. ಹೆಸರು ಹೇಳಿದರೆ ನೀವು ಮೊದಲು ಏನು ಮಾಡುತ್ತೀರಿ ಅಂತ ನನಗೆ ಗೊತ್ತು. ಅಯ್ಯೋ ಪಾಪ ಅನ್ನುವುದಿಲ್ಲ, ಹುಡುಕುತ್ತೀರಿ. ಆದ್ದರಿಂದ ಆಕೆಗೆ ಹೆಸರಿಲ್ಲ, ಊರಿಲ್ಲ. ಮಾಧವರಂ ಅನ್ನಿ, ಕೋಸಿಗಿ ಅನ್ನಿ, ಕೌತಾಳಂ ಅನ್ನಿ, ಆಲೂರು ಅನ್ನಿ. ಆದೋನಿ ಸುತ್ತಿನ ಯಾವ ಊರಿಗೆ ಹೋದರೂ ಒಬ್ಬಳು ಸಿಗುತ್ತಾಳೆ. ಸಿಗುತ್ತಾಳೆ ಅಂದರೆ ಫೋನಿನಲ್ಲಲ್ಲ. ಫೋನು ಬೀರುವಿನಲ್ಲಿದೆ.

ಕಥೆ ಇಷ್ಟೇ. ಕಾಲೇಜಿನ ಬೀಳ್ಕೊಡುಗೆಯ ದಿನ ಸೀರೆ ಉಟ್ಟು ತೆಗೆಸಿಕೊಂಡ ಫೋಟೋ. ಯಾರೋ ಮುಖ ಕತ್ತರಿಸಿ ಬೇರೆ ಮೈಗೆ ಅಂಟಿಸಿದರು. ಆಕೆಯ ಹೆಸರಲ್ಲೇ ಖಾತೆ ತೆರೆದರು. ಕೆಳಗೆ ಆಕೆಯ ಮೊಬೈಲ್ ನಂಬರು ಬರೆದರು. ರಾತ್ರಿ ಹನ್ನೊಂದರ ಮೇಲೆ ಫೋನು ಶುರು. ಕಂಡರಿಯದ ಊರುಗಳಿಂದ ಕಂಡರಿಯದ ಗಂಡಸರು. "ರೇಟ್ ಎಷ್ಟು" ಎಂಬ ಒಂದೇ ಪ್ರಶ್ನೆ, ಮೂರು ಭಾಷೆಗಳಲ್ಲಿ. ಭಾಷಾ ಸಾಮರಸ್ಯ ಕಾಣದವರು ಬಂದು ಇಲ್ಲಿ ನೋಡಬೇಕು.

ಆ ಫೋನು ಶೋಕಿಗೆ ಕೊಂಡದ್ದೂ ಅಲ್ಲ. ಈ ಭಾಗದಲ್ಲಿ ಮಳೆ ಕೈಕೊಟ್ಟರೆ ಊರುಗಳೇ ಎದ್ದು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತವೆ. ಮನೆಯಲ್ಲಿ ಅಜ್ಜಿ ಉಳಿಯುತ್ತಾಳೆ, ಓದುವ ಮಗಳು ಉಳಿಯುತ್ತಾಳೆ, ಓದದ ಮಗ ಉಳಿಯುತ್ತಾನೆ. ಸಂಜೆ ಮಗಳ ದನಿ ಕೇಳಲೆಂದು ಅಪ್ಪ ಕೂಲಿ ದುಡ್ಡಿನಲ್ಲಿ ಕೊಡಿಸಿದ ಫೋನು ಅದು.

ಮನೆಯಲ್ಲಿ ಪಂಚಾಯ್ತಿ ಸೇರಿತು. ದೊಡ್ಡಪ್ಪ, ಸೋದರಮಾವ, ಊರ ಹಿರಿಯರಿಬ್ಬರು. ಪ್ರಶ್ನೆಗಳು ಸುರಿದವು. ಫೋಟೋ ಯಾಕೆ ತೆಗೆಸಿಕೊಂಡೆ? ಸ್ಟೇಟಸ್‌ಗೆ ಯಾಕೆ ಹಾಕಿದೆ? ಹಲ್ಲು ಕಾಣುವಂಗ ಯಾಕೆ ನಕ್ಕಿ? ಈ ಮೂರನೆಯ ಪ್ರಶ್ನೆ ಕೇಳಿದ ದೊಡ್ಡಪ್ಪ ಯುಗಾದಿ ಶುಭಾಶಯದ ಫ್ಲೆಕ್ಸಿನಲ್ಲಿ, ಬಸ್ ಸ್ಟ್ಯಾಂಡಿನ ಎದುರು, ಹತ್ತಡಿ ಎತ್ತರಕ್ಕೆ, ಮೂವತ್ತೆರಡೂ ಹಲ್ಲು ಬಿಟ್ಟು ನಿಂತಿದ್ದಾರೆ. ಆ ಮುಖವನ್ನು ಯಾರೂ ಕತ್ತರಿಸಿಲ್ಲ. ಕತ್ತರಿಸಿಕೊಂಡು ಮಾಡುವುದಾದರೂ ಏನು?

ಮಾಡಿದವನು ಯಾರು ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ತೀರ್ಪು ಬಂತು. ಫೋನು ಬೀರುವಿಗೆ. ಬೀರುವಿನ ಕೀಲಿ ಅಣ್ಣನಿಗೆ. ಡಿಗ್ರಿ "ಮುಂದಿನ ವರ್ಷ ನೋಡೂಣಂತ". ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಅದು ಹಳೆಯ ಕಾಲದ ಅನ್ಯಾಯ. ಆಗ ಎತ್ತಿಗೆ ಜ್ವರವಾದರೂ ಇತ್ತು. ಈಗ ಎತ್ತು ಕೊಬ್ಬಿ ಊರ ಹೊಲವೆಲ್ಲ ಮೇಯುತ್ತಿದೆ. ಬರೆ ಮಾತ್ರ ಕ್ರಮ ತಪ್ಪದೆ ಎಮ್ಮೆಗೆ.

ಎಲ್ಲರೂ ಸಮಾಧಾನದಿಂದ ಚಹಾ ಕುಡಿದು ಎದ್ದರು. ಊರಿನ ಮಾನ ಉಳಿಯಿತು. ನಕಲಿ ಖಾತೆಯೂ ಉಳಿಯಿತು. ಫೋನು ಬೀರುವಿಗೆ ಹೋದರೆ ಖಾತೆಯೂ ಬೀರುವಿಗೆ ಹೋಗುತ್ತದೆಂದು ನಂಬಿದ ಹಿರಿಯರನ್ನು ಏನೆನ್ನಬೇಕು? ಮುಗ್ಧರು ಅನ್ನೋಣವೆಂದರೆ, ಅವರೂ ಒಂದೊಂದು ಸಲ ಆ ಖಾತೆಯನ್ನು ತೆರೆದು ನೋಡಿದ್ದಾರೆ. "ವಿಷಯ ತಿಳಿಯೋದಕ್ಕೆ."

2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಒಂದು ಲೆಕ್ಕ ಕೊಟ್ಟಿತು. ಆಂಧ್ರದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಂಗಸರು ನೂರಕ್ಕೆ 21. ಗಂಡಸರು ಹತ್ತಿರ ಹತ್ತಿರ 49. ಕರ್ನಾಟಕದ ಹೆಂಗಸರು 35. ಹೊಳೆಯ ಆ ದಡದವರು ಮುಂದಿದ್ದೇವೆಂದು ಬೀಗಬೇಡಿ, ನಿಮ್ಮ ಗಂಡಸರು ಅರವತ್ತು ದಾಟಿದ್ದಾರೆ. ಸರ್ಕಾರಗಳು ಈ ಅಂತರವನ್ನು ಬಡತನ ಎನ್ನುತ್ತವೆ, ಅನಕ್ಷರತೆ ಎನ್ನುತ್ತವೆ. ಬೀರುಗಳನ್ನು ಯಾರೂ ಎಣಿಸುವುದಿಲ್ಲ. ಹೀಗೇ ಬುದ್ಧಿ ಹೇಳುತ್ತಾ ಹೋದರೆ ಆ ಇಪ್ಪತ್ತೊಂದನ್ನೂ ಒಳಗಿಟ್ಟು ಬೀಗ ಜಡಿಯಬಹುದು. ಆಗ ಇಂಟರ್ನೆಟ್ಟು ಹೆಂಗಸರಿಗೆ ಪೂರ್ತಿ ಸುರಕ್ಷಿತ.

ಹಿರಿಯರ ಬಳಿ ಒಂದು ಗಾದೆ ಸದಾ ಸಿದ್ಧ. ಮುಳ್ಳು ಬಾಳೆ ಎಲೆಯ ಮೇಲೆ ಬಿದ್ದರೂ, ಎಲೆ ಮುಳ್ಳಿನ ಮೇಲೆ ಬಿದ್ದರೂ, ಹರಿಯುವುದು ಎಲೆಯೇ. ಕನ್ನಡದಲ್ಲೂ ಹೇಳುತ್ತಾರೆ, ತೆಲುಗಿನಲ್ಲೂ ಹೇಳುತ್ತಾರೆ. ಗಡಿ ತಂಟೆಯಿಲ್ಲದೆ ಎರಡೂ ಭಾಷೆಗಳು ಹಂಚಿಕೊಂಡ ಆಸ್ತಿ ಅದು. ನಮ್ಮ ಕಡೆ ಬೆಳೆಯುವುದು ಹತ್ತಿ, ಮೆಣಸಿನಕಾಯಿ. ಬಾಳೆ ತೋಟ ಅಪರೂಪ. ಬಾಳೆ ಎಲೆಯ ಗಾದೆ ಮಾತ್ರ ಯಾವ ಬರಕ್ಕೂ ಒಣಗಿಲ್ಲ. ತಲೆತಲಾಂತರದಿಂದ ಎಲೆಗೆ ಬುದ್ಧಿ ಹೇಳಿದ್ದೇ ಹೇಳಿದ್ದು. ಕೊಡಲಿ ಹಿಡಿದು ಹೋಗಿ ಒಂದು ಜಾಲಿ ಕಡಿದವರನ್ನು ನಾನು ಕಂಡಿಲ್ಲ.

ಇಷ್ಟಾದರೂ ಹುಡುಗಿಗೆ ಛಲವಿದ್ದು, ಜೊತೆಗೆ ಬರುವ ಸೋದರತ್ತೆಯೊಬ್ಬಳಿದ್ದು, ಠಾಣೆಯೊಂದರ ಮೆಟ್ಟಿಲು ಹತ್ತಿದಳೆನ್ನಿ. ಯಾವ ಠಾಣೆ ಅಂತ ಬೇಡ, ಮೇಜುಗಳೆಲ್ಲ ಒಂದೇ ಮರದ್ದು. ಮೊದಲ ಪ್ರಶ್ನೆ: "ಎವರಿ ಅಮ್ಮಾಯಿ?" ಯಾರ ಮಗಳು ಅಂತ. ಏನಾಯಿತು ಅಂತಲ್ಲ. ಯಾರ ಮಗಳು ಅಂತ. ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಪರಿಹಾರ. "ನಂಬರ್ ಬ್ಲಾಕ್ ಚೇಸೇಯಮ್ಮಾ, ಅಯಿಪೋತುಂದಿ." ಬ್ಲಾಕ್ ಮಾಡಿಬಿಡಮ್ಮ, ಮುಗಿದುಹೋಗುತ್ತದೆ. ಮನೆಗೆ ಕಳ್ಳ ನುಗ್ಗಿದರೆ ಕಣ್ಣು ಮುಚ್ಚಿಕೋ ಎಂದ ಹಾಗೆ. ಇನ್ನೂರು ನಂಬರು ಬ್ಲಾಕ್ ಮಾಡಿದೆ ಸಾರ್ ಅಂದರೆ ಸಿಮ್ ಬದಲಾಯಿಸು. ಸಿಮ್ ಬದಲಾಯಿಸಿದರೆ ಊರು ಬದಲಾಯಿಸು. ಕೊನೆಗೆ ಇದ್ದೇ ಇದೆ, ಮದುವೆ ಮಾಡಿಬಿಡಿ. ಅಪರಾಧಿಯನ್ನು ಅವನ ಜಾಗದಲ್ಲಿ ಬಿಟ್ಟು ಮಿಕ್ಕ ಎಲ್ಲವನ್ನೂ ಬದಲಾಯಿಸಲು ವ್ಯವಸ್ಥೆ ತಯಾರಿದೆ.

ಮೂರನೆಯದು ಸಾಕ್ಷ್ಯ. ಫೋಟೋ ತೋರಿಸು. ತೋರಿಸಿದಳು. ಒಬ್ಬರು ನೋಡಿದರು. ಪಕ್ಕದವರು ಕತ್ತು ಚಾಚಿದರು. ನೀರಿನ ಕ್ಯಾನು ಇಳಿಸಲು ಬಂದವನೂ ನೋಡಿದ. ಅಲ್ಲಿಯವರೆಗೆ ಫೋನಿನಲ್ಲಿದ್ದ ಅವಮಾನ ಈಗ ಪ್ರಿಂಟ್ ಆಗಿ ಎರಡು ಪ್ರತಿ ಬಂತು.

ನಾಲ್ಕನೆಯದು ವ್ಯಾಪ್ತಿ. ಫೋನು ಮಾಡಿದವನ ನಂಬರು ಕರ್ನಾಟಕದ್ದು, ರಾಯಚೂರಿಗೆ ಹೋಗಿ. ರಾಯಚೂರಿನಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಯಿದೆ. ಅಲ್ಲಿಗೆ ಹೋದರೆ ಹುಡುಗಿಯ ಆಧಾರ್ ಆಂಧ್ರದ್ದು, ಕರ್ನೂಲಿಗೆ ಹೋಗಿ ಅನ್ನಲಾರರೆಂದು ಯಾವ ಭರವಸೆ? ಅಪರಾಧ ಎಲ್ಲಿ ನಡೆದರೂ ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಲೇಬೇಕು. ಅದು ಝೀರೋ ಎಫ್‌ಐಆರ್. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಅಚ್ಚಾಗಿದೆ. ಅಚ್ಚಾದದ್ದು ಮೇಜಿನ ತನಕ ಇಳಿಯಬೇಕಲ್ಲ. ಝೀರೋ ಮಾತ್ರ ಇಳಿದಿದೆ, ಎಫ್‌ಐಆರ್ ದಾರಿಯಲ್ಲಿದೆ.

ಕಾನೂನಿನಲ್ಲಿ ಒಂದು ತಮಾಷೆಯಿದೆ. ಹೆಣ್ಣನ್ನು ಬೆನ್ನಟ್ಟುವುದು, ಆಕೆಯ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಹೊಸ ನ್ಯಾಯ ಸಂಹಿತೆಯಲ್ಲಿ 78ನೇ ಕಲಂ. ಐಟಿ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ತನಿಖೆ ಮಾಡಬಾರದೆನ್ನುವುದು ಆ ಕಾಯ್ದೆಯ 78ನೇ ಕಲಂ. ಬೆನ್ನಟ್ಟುವವನಿಗೂ 78, ಹಿಡಿಯಬೇಕಾದವರಿಗೂ 78. ಮೊದಲನೆಯವನು ಪ್ರತಿ ಬೀದಿಯಲ್ಲಿ ಒಬ್ಬ. ಎರಡನೆಯವರು ಹಲವು ಠಾಣೆಗಳಿಗೆ ಒಬ್ಬರು. ಅವರೂ ಇವತ್ತು ಮಂತ್ರಾಲಯಕ್ಕೆ ಬಂದ ವಿಐಪಿಯ ಬಂದೋಬಸ್ತಿನಲ್ಲಿದ್ದಾರೆ.

ಪೊಲೀಸರಿಗೆ ಐಟಿ ಕಾಯ್ದೆ ಗೊತ್ತಿಲ್ಲವೆಂದು ಮಾತ್ರ ದೂರಬೇಡಿ. ಅದರ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಹೊಡೆದುಹಾಕಿತು. ಆರು ವರ್ಷದ ಮೇಲೂ ದೇಶದ ಠಾಣೆಗಳಲ್ಲಿ ಅದರಡಿ ಕೇಸು ದಾಖಲಾಗುತ್ತಲೇ ಇದ್ದದ್ದನ್ನು ಕಂಡು 2021ರಲ್ಲಿ ಅದೇ ಕೋರ್ಟು ದಂಗಾಯಿತು. ಸತ್ತ ಕಲಮಿಗೆ ಇಷ್ಟು ಸೇವೆ. ಖಾಸಗಿ ಚಿತ್ರ ಹರಡಿದವನಿಗೆ ಮೂರು ವರ್ಷ ಹಾಕಬಲ್ಲ 66ಇ, ಲೈಂಗಿಕ ದೃಶ್ಯ ಹರಡಿದವನಿಗೆ ಐದು ವರ್ಷ, ಹತ್ತು ಲಕ್ಷ ದಂಡ ಹಾಕಬಲ್ಲ 67ಎ ಇನ್ನೂ ಬದುಕಿವೆ. ಬದುಕಿರುವವರನ್ನು ಯಾರು ಕೇಳುತ್ತಾರೆ?

ಸರ್ಕಾರ ಸುಮ್ಮನಿದೆಯೇ? ಖಂಡಿತ ಇಲ್ಲ. ಅದು ಹೆಸರಿಡುತ್ತಿದೆ.

2019ರ ಡಿಸೆಂಬರಿನಲ್ಲಿ ಆಂಧ್ರ ವಿಧಾನಸಭೆ ದಿಶಾ ಮಸೂದೆ ಪಾಸು ಮಾಡಿತು. ಏಳು ದಿನದಲ್ಲಿ ತನಿಖೆ, ಹದಿನಾಲ್ಕು ದಿನದಲ್ಲಿ ವಿಚಾರಣೆ, ಒಟ್ಟು ಇಪ್ಪತ್ತೊಂದು ದಿನಕ್ಕೆ ತೀರ್ಪು. ನಮ್ಮ ಕಡೆ ಪಹಣಿ ತಿದ್ದುಪಡಿಗೆ ಹಿಡಿಯುವ ಕಾಲ ಬಲ್ಲವರು ಆಗಲೇ ನಕ್ಕಿದ್ದರು. ಅದರಲ್ಲಿ 354ಇ ಎಂಬ ಹೊಸ ಕಲಮಿತ್ತು. ಇಮೇಲ್, ಸಾಮಾಜಿಕ ಜಾಲತಾಣಗಳಲ್ಲಿ ಹೆಣ್ಣಿಗೆ ಕಾಟ ಕೊಟ್ಟರೆ ಮೊದಲ ಸಲ ಎರಡು ವರ್ಷ, ಮತ್ತೆ ಮಾಡಿದರೆ ನಾಲ್ಕು. ನಮ್ಮ ಈ ಹುಡುಗಿಗೆಂದೇ ಬರೆದ ಹಾಗಿತ್ತು. ಮಸೂದೆ ದಿಲ್ಲಿಗೆ ಹೋಯಿತು. ರಾಷ್ಟ್ರಪತಿಗಳ ಅಂಕಿತ ಬೀಳಲೇ ಇಲ್ಲ. ಅಂಕಿತವಿಲ್ಲದ ಕಾಯ್ದೆಯ ಹೆಸರಿನಲ್ಲಿ ಠಾಣೆಗಳಿಗೆ ಬೋರ್ಡು ಬಿತ್ತು, ವಾಹನಗಳಿಗೆ ಬಣ್ಣ ಬಿತ್ತು, ಆ್ಯಪ್ ಬಂತು. ಜನರನ್ನು ರಸ್ತೆಯಲ್ಲಿ ನಿಲ್ಲಿಸಿ ಫೋನಿಗೆ ಆ್ಯಪ್ ಹಾಕಿಸಿದರು. ಹೆಣ್ಣುಮಕ್ಕಳ ಫೋನು ಬೀರುವಿನಲ್ಲಿದ್ದುದರಿಂದ ಗಂಡಸರ ಫೋನಿಗೂ ಹಾಕಿಸಿದರು. ಕಾಟ ಕೊಡುವವನ ಜೇಬಿನಲ್ಲೂ ದಿಶಾ ಭದ್ರವಾಗಿ ಕುಳಿತಳು.

2024ರಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರಕ್ಕೆ ಹಳೆಯ ಹೆಸರು ರುಚಿಸೀತೇ? 2025ರ ಮಾರ್ಚ್ 8ರಂದು, ಮಹಿಳಾ ದಿನವೇ ನೋಡಿ, ಶಕ್ತಿ ಆ್ಯಪ್ ಬಂತು. ಇಲ್ಲಿ ಗಡಿಯವರ ಪಾಡು ಕೇಳಿ. ಕರ್ನಾಟಕದಲ್ಲಿ ಶಕ್ತಿ ಎಂದರೆ ಹೆಂಗಸರಿಗೆ ಉಚಿತ ಬಸ್ಸು, 2023ರ ಜೂನಿನಿಂದ. ಆಂಧ್ರದಲ್ಲಿ ಶಕ್ತಿ ಎಂದರೆ ಆ್ಯಪ್. ಆಂಧ್ರದ ಬಸ್ಸು ಸ್ತ್ರೀ ಶಕ್ತಿ, 2025ರ ಆಗಸ್ಟ್ 15ರಿಂದ. ಆ ರಾಜ್ಯದ ಶಕ್ತಿ ಈ ರಾಜ್ಯದವಳಿಗೆ ನಡೆಯುವುದಿಲ್ಲ, ಈ ರಾಜ್ಯದ್ದು ಆ ರಾಜ್ಯದವಳಿಗೆ ನಡೆಯುವುದಿಲ್ಲ. ಗಡಿ ದಾಟಿದ ಹೆಣ್ಣು ನಿಶ್ಶಕ್ತಳು. ಆಕೆಯ ತಿದ್ದಿದ ಫೋಟೋಗೆ ಮಾತ್ರ ಎರಡೂ ರಾಜ್ಯದಲ್ಲಿ ಉಚಿತ ಪ್ರಯಾಣ, ಗುರುತಿನ ಚೀಟಿ ಬೇಡ.

ಈಗ ಠಾಣೆಯ ಆ ಮೊದಲ ಪ್ರಶ್ನೆಗೆ ಬರೋಣ. ಎವರಿ ಅಮ್ಮಾಯಿ?

2021ರ ನವೆಂಬರ್ 19ರಂದು, ಆಗ ವಿರೋಧ ಪಕ್ಷದಲ್ಲಿದ್ದ ಚಂದ್ರಬಾಬು ನಾಯ್ಡು, ವಿಧಾನಸಭೆಯಲ್ಲಿ ತಮ್ಮ ಪತ್ನಿಯ ಬಗ್ಗೆ ಹೀನ ಮಾತಾಡಿದರೆಂದು, ಪತ್ರಕರ್ತರ ಮುಂದೆ ಕಣ್ಣೀರಿಟ್ಟರು. ಮುಖ್ಯಮಂತ್ರಿಯಾಗಿಯೇ ಈ ಸಭೆಗೆ ಕಾಲಿಡುತ್ತೇನೆಂದು ಶಪಥ ಮಾಡಿದರು. ಹಾಗೇ ಕಾಲಿಟ್ಟರು. ಆ ನೋವು ಸುಳ್ಳು ಅನ್ನುವಷ್ಟು ಕೆಟ್ಟವನಲ್ಲ ನಾನು. 2024ರ ನವೆಂಬರಿನಲ್ಲಿ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ಹೆಣ್ಣುಮಕ್ಕಳ ರಕ್ಷಣೆ ಸಾಲದೆಂದು ತಮ್ಮದೇ ಸರ್ಕಾರದ ಗೃಹ ಸಚಿವೆಯನ್ನು ಬಹಿರಂಗ ಸಭೆಯಲ್ಲಿ ತರಾಟೆಗೆ ತೆಗೆದುಕೊಂಡರು. ಅದೇ ತಿಂಗಳು ನಾಯಕರ ಮನೆಯ ಹೆಂಗಸರ ಮೇಲೆ ಹೊಲಸು ಬರೆದವರನ್ನು ರಾಜ್ಯದುದ್ದಕ್ಕೂ ಹಿಡಿದರು. ಜಗನ್ ಅವರ ತಂಗಿ ಷರ್ಮಿಳಾ ಕೂಡ, ಅಣ್ಣನ ಪಕ್ಷದ ಜಾಲತಾಣ ಪಡೆ ತನ್ನನ್ನೂ ಬಿಟ್ಟಿಲ್ಲವೆಂದರು.

ನೋಡಿ, ಆಗುತ್ತದೆ! ಬೇರೆ ಜಿಲ್ಲೆಯವನಾದರೂ ಸಿಗುತ್ತಾನೆ. ನಕಲಿ ಖಾತೆಯ ಹಿಂದಿನ ಅಸಲಿ ಮುಖ ಸಿಗುತ್ತದೆ. ಕಂಪನಿ ಉತ್ತರ ಕೊಡುತ್ತದೆ. ಇನ್‌ಸ್ಪೆಕ್ಟರ್ ಬಂದೋಬಸ್ತಿನಿಂದ ವಾಪಸ್ಸಾಗುತ್ತಾರೆ. ವ್ಯಾಪ್ತಿಯ ಗೋಡೆ ರಾತ್ರೋರಾತ್ರಿ ಬೀಳುತ್ತದೆ. "ನಂಬರ್ ಬ್ಲಾಕ್ ಚೇಸೇಯಮ್ಮಾ" ಎಂದು ಮಂತ್ರಿಯ ಮಗಳಿಗೆ ಯಾವ ಕಾನ್‌ಸ್ಟೆಬಲ್ಲೂ ಹೇಳಿದ್ದು ಕೇಳಿಲ್ಲ. ತಂತ್ರಜ್ಞಾನದ ಕೊರತೆ, ಸಿಬ್ಬಂದಿ ಕೊರತೆ ಅಂತೀರಲ್ಲ, ಅವೆಲ್ಲ ಸುಳ್ಳು. ಕೊರತೆ ಇರುವುದು ಅಪ್ಪಂದಿರದ್ದು. ಮೆಣಸಿನಕಾಯಿ ಬಿಡಿಸುವವನ ಬದಲು ಹುಡುಗಿಗೆ ಇನ್ನೊಬ್ಬ ಅಪ್ಪನಿದ್ದಿದ್ದರೆ ಮಧ್ಯಾಹ್ನದೊಳಗೆ ಕೆಲಸ ಆಗುತ್ತಿತ್ತು.

ಇನ್ನು ಆ ದಡದ ಕಥೆ. ಕನ್ನಡಿಗರು ಮರೆಯಲಾಗದ್ದು, ಮರೆಯಲು ಇಷ್ಟಪಡುವುದು.

ಚಿತ್ರದುರ್ಗದ ರೇಣುಕಾಸ್ವಾಮಿ, ನಟ ದರ್ಶನ್ ಅವರ ಗೆಳತಿ ಪವಿತ್ರಾ ಗೌಡ ಅವರಿಗೆ ಇನ್‌ಸ್ಟಾಗ್ರಾಮಿನಲ್ಲಿ ಅಶ್ಲೀಲ ಸಂದೇಶ ಕಳಿಸಿದ. ಅದು ತಪ್ಪು, ಅಪರಾಧ, ಅದಕ್ಕೆ ಠಾಣೆಯಿದೆ. 2024ರ ಜೂನ್ 8ರಂದು ಅವನನ್ನು ಬೆಂಗಳೂರಿಗೆ ಎತ್ತಿ ತಂದರು. ಪಟ್ಟಣಗೆರೆಯ ಶೆಡ್ಡಿನಲ್ಲಿ ಹೊಡೆದರು. ಮರುದಿನ ಹೆಣ ಸುಮನಹಳ್ಳಿಯ ಮೋರಿಯಲ್ಲಿ ಸಿಕ್ಕಿತು. ಪೊಲೀಸರ ಪ್ರಕಾರ ಆರೋಪಿಗಳು ಹದಿನೇಳು ಜನ, ಎರಡನೆಯವರು ದರ್ಶನ್. ಆರೋಪಪಟ್ಟಿ 3,991 ಪುಟ. ಅಪರಾಧ ಯಾರದೆಂದು ಕೋರ್ಟು ಹೇಳಲಿ, ನಾನಲ್ಲ. ನನ್ನ ತಕರಾರು ಹೊರಗೆ ನಿಂತು ಜೈಕಾರ ಹಾಕಿದವರ ಜೊತೆ.

ಏನಂದರು ಅವರು? "ಹೆಣ್ಣಿನ ಮಾನಕ್ಕೆ ಕೈ ಹಾಕಿದರೆ ಹಿಂಗೇ ಆಗಬೇಕು." ಎಂಥ ಸ್ತ್ರೀಗೌರವ! ಸತ್ತವನೂ ಅದೇ ನಟನ ಅಭಿಮಾನಿ ಎಂಬುದನ್ನು ನುಂಗಿಕೊಂಡರು. ಅವನ ಮನೆಯಲ್ಲೂ ಒಬ್ಬ ಹೆಣ್ಣುಮಗಳಿದ್ದಳು, ಬಸುರಿ, ಎಂಬುದನ್ನೂ ನುಂಗಿಕೊಂಡರು. ಕೈದಿ ನಂಬರ್ 6106 ಬೈಕುಗಳ ಮೇಲೆ ಬಂತು. ಹಸುಗೂಸಿಗೆ ಆ ನಂಬರಿನ ಬಟ್ಟೆ ತೊಡಿಸಿ ಫೋಟೋ ತೆಗೆದರು. ಜೈಲಿನಲ್ಲಿ ಸಿಗರೇಟು ಹಿಡಿದ ಫೋಟೋ ಹೊರಬಿದ್ದು ಆರೋಪಿಯನ್ನು ಬಳ್ಳಾರಿಗೆ ಸಾಗಿಸಿದಾಗ, ಆದೋನಿ ಪಕ್ಕದ ಆ ಬಳ್ಳಾರಿ ಜೈಲಿನ ಮುಂದೆ ಜಾತ್ರೆ ನೆರೆಯಿತು. ತೇರೊಂದಿರಲಿಲ್ಲ ಅಷ್ಟೆ.

ವರ್ಷ ತುಂಬಿತು. 2025ರ ಜುಲೈ. ಸುಪ್ರೀಂ ಕೋರ್ಟಿನಲ್ಲಿ ದರ್ಶನ್ ಜಾಮೀನಿನ ವಿಚಾರಣೆ. ಅದರ ಸುದ್ದಿ ಹಂಚಿಕೊಂಡು ರಮ್ಯಾ, ರೇಣುಕಾಸ್ವಾಮಿ ಕುಟುಂಬಕ್ಕೆ ನ್ಯಾಯ ಸಿಗುವ ಆಸೆ ಬಂದಿದೆ ಎಂಬರ್ಥದ ಎರಡು ಸಾಲು ಬರೆದರು. ಅಷ್ಟೇ. ಅದೇ ನಟನ ಜೊತೆ 2006ರಲ್ಲಿ 'ದತ್ತ' ಚಿತ್ರದಲ್ಲಿ ನಾಯಕಿಯಾಗಿದ್ದವರು, ಮಾಜಿ ಸಂಸದೆ. ಮಾನ ಕಾಯುವ ಸೈನ್ಯ ಎದ್ದಿತು. ಅತ್ಯಾಚಾರದ ಬೆದರಿಕೆ, ಕೊಲ್ಲುವ ಬೆದರಿಕೆ, ಬರೆಯಲಾಗದ ಬೈಗುಳ. ಜುಲೈ 28ರಂದು ಅವರು ಬೆಂಗಳೂರು ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು, 43 ಖಾತೆಗಳ ಮೇಲೆ.

ಈಗ ಲೆಕ್ಕ ಹಾಕಿ. ಒಬ್ಬ ಹೆಂಗಸಿಗೆ ಹೊಲಸು ಸಂದೇಶ ಕಳಿಸಿದವನು ಸಾಯಬೇಕು ಅಂದವರೇ, ಇನ್ನೊಬ್ಬ ಹೆಂಗಸಿಗೆ ಅದೇ ಹೊಲಸು ಸಂದೇಶ ಕಳಿಸಿದರು. ಅವನದು ಮಾನಭಂಗ, ಇವರದು ಅಭಿಮಾನ. ತಮ್ಮದೇ ಸಂಹಿತೆಯ ಪ್ರಕಾರ ಈ ನಲವತ್ತಮೂರು ಖಾತೆಯವರನ್ನು ಯಾವ ಶೆಡ್ಡಿಗೆ ಒಯ್ಯಬೇಕಿತ್ತು? ಯಾರೂ ಒಯ್ಯಲಿಲ್ಲ. ಒಯ್ಯಲೂ ಬಾರದು. ಪೊಲೀಸರು ಕೆಲವರನ್ನು ಹಿಡಿದು ಕೋರ್ಟಿಗೆ ಒಪ್ಪಿಸಿದರು. ಮೊದಲನೆಯ ಸಲವೂ ಆಗಬೇಕಿದ್ದದ್ದು ಇದೇ. ಆಗ ಯಾರಿಗೂ ಠಾಣೆ ನೆನಪಾಗಲಿಲ್ಲ.

ಸಂದೇಶ ಒಂದೇ. ಬೈಗುಳ ಒಂದೇ. ಬದಲಾದದ್ದು ಹೆಂಗಸು ಯಾರ ಕಡೆಯವಳು ಅನ್ನುವುದು. ಕಾವಲು ಕಾಯುತ್ತಿದ್ದದ್ದು ಹೆಣ್ಣಿನ ಮಾನವನ್ನಲ್ಲ, ಒಡೆಯನ ಬೇಲಿಯನ್ನು. ಬೇಲಿಯೊಳಗಿದ್ದರೆ ಅಮ್ಮ, ತಾಯಿ, ದೇವತೆ. ಹೊರಗೆ ಕಾಲಿಟ್ಟು ಒಂದು ಮಾತಾಡಿದರೆ ಊರ ದನ. ಎವರಿ ಅಮ್ಮಾಯಿ, ಅಷ್ಟೆ. ನಮ್ಮ ಠಾಣೆಯ ಮುನ್ಷಿ ಈ ಸತ್ಯವನ್ನು ಎಷ್ಟು ಚೊಕ್ಕವಾಗಿ ಎರಡು ಪದದಲ್ಲಿ ಕೇಳಿಬಿಟ್ಟಿದ್ದ ಪುಣ್ಯಾತ್ಮ.

ಅಭಿಮಾನಿಗಳು ಪುಂಡರು, ನಾವು ಹಾಗಲ್ಲ ಅಂತೀರಾ? ಹಾಸನಕ್ಕೆ ಹೋಗೋಣ. 2024ರ ಏಪ್ರಿಲ್, ಚುನಾವಣೆಯ ಮುನ್ನಾ ದಿನಗಳು. ಪೆನ್‌ಡ್ರೈವ್‌ಗಳು ಕರಪತ್ರದ ಹಾಗೆ ಬೀದಿಗೆ ಬಿದ್ದವು. ಒಳಗೆ ಹೆಂಗಸರು. ಮುಖ ಮಸುಕು ಮಾಡುವ ಸೌಜನ್ಯವೂ ಇಲ್ಲ. ಆಗ ಅಲ್ಲಿನ ಸಂಸದನಾಗಿದ್ದ ಪ್ರಜ್ವಲ್ ರೇವಣ್ಣಗೆ 2025ರ ಆಗಸ್ಟ್ 2ರಂದು ಒಂದು ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಯಿತು. ಒಳ್ಳೆಯದು. ಹಂಚಿದ ಕೆಲವರ ಮೇಲೂ ಕೇಸಾಯಿತು. ನೋಡಿದವರು? "ಅಣ್ಣ, ನಿನ್ನ ಹತ್ರ ಐತೇನು" ಅಂತ ಕೇಳಿ ಕೇಳಿ ತರಿಸಿಕೊಂಡವರು? ತನಿಖೆ ನಡೆಸಿದ ಎಸ್‌ಐಟಿ, ಹಂಚಬೇಡಿ, ಹಂಚಿದರೆ ಅಪರಾಧ ಎಂದು ಎಚ್ಚರಿಸಬೇಕಾಯಿತು. ಸತ್ಯಕ್ಕಾಗಿ, ಮಹಿಳೆಯರ ನ್ಯಾಯಕ್ಕಾಗಿ, ಪಕ್ಷಭೇದ ಮರೆತು ಜನ ಇಡೀ ವಿಡಿಯೋ ನೋಡಿದರು. ಕೆಲವು ಹೆಂಗಸರು ಮನೆಗೆ ಬೀಗ ಹಾಕಿ ಊರು ಬಿಟ್ಟರು. ಊರು ಬಿಡಬೇಕಾದವರು ಕಟ್ಟೆಯ ಮೇಲೆ ಕೂತು, ಛೇ ಛೇ ಎಂಥ ಕಾಲ ಬಂತು ಅಂದರು.

ಓದಿದವರು ಹೀಗೆ ಮಾಡುವುದಿಲ್ಲ ಎಂಬ ಹಳೆಯ ಸಮಾಧಾನವೊಂದಿದೆ. 2022ರ ಜನವರಿ 1ರಂದು ಬುಲ್ಲಿ ಬಾಯಿ ಎಂಬ ಆ್ಯಪಿನಲ್ಲಿ ಮುಸ್ಲಿಂ ಹೆಂಗಸರ ಫೋಟೋ ಹಾಕಿ ಹರಾಜು ಕೂಗಿದರಲ್ಲ, ಮುಂಬಯಿ ಪೊಲೀಸರು ಹಿಡಿದವರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಮಗ ಎಂಜಿನಿಯರಿಂಗ್ ಓದುತ್ತಾನೆ, ಸದಾ ಕಂಪ್ಯೂಟರ್ ಮುಂದೆಯೇ ಇರುತ್ತಾನೆ ಎಂದು ಬೀಗುವ ತಂದೆತಾಯಿಗಳೇ, ಒಂದು ಸಲ ಹಿಂದೆ ಹೋಗಿ ನಿಲ್ಲಿ.

ಕಂಪನಿಯವರನ್ನು ಮರೆತೆನೆಂದುಕೊಂಡಿರಾ? ಅವರು ನಾವು ಮರೆಯಲೆಂದೇ ಕಾದಿದ್ದಾರೆ. ಜನ ಹಾಕಿದ್ದಕ್ಕೆ ನಾವು ಹೊಣೆಯಲ್ಲ ಎಂಬ ರಕ್ಷೆಯನ್ನು ಐಟಿ ಕಾಯ್ದೆಯ 79ನೇ ಕಲಂ ಅವರ ರಟ್ಟೆಗೆ ಕಟ್ಟಿದೆ. ಅದಕ್ಕೆ ಪ್ರತಿಯಾಗಿ 2021ರ ನಿಯಮಗಳು, ಬೆತ್ತಲೆ ಚಿತ್ರ, ತಿದ್ದಿದ ಚಿತ್ರ ಎಂದು ಆ ವ್ಯಕ್ತಿಯೋ ಅವರ ಪರವಾಗಿ ಇನ್ನೊಬ್ಬರೋ ದೂರು ಕೊಟ್ಟರೆ ಇಪ್ಪತ್ತನಾಲ್ಕು ಗಂಟೆಯಲ್ಲಿ ತೆಗೆಯಬೇಕೆಂದವು. ದೂರು ಕೊಡಬೇಕಾದವಳ ಫೋನು ಎಲ್ಲಿದೆ ಅಂತ ನಿಮಗೆ ಗೊತ್ತೇ ಇದೆ.

ಅವಳು ಹೇಗೋ ದೂರು ಒತ್ತಿದರೂ ಓದುವವರು ಯಾರು? ಭಾರತದ ಹಿಂದಿ, ಬಂಗಾಳಿಯ ದ್ವೇಷದ ಮಾತು ಹಿಡಿಯಲು ಫೇಸ್‌ಬುಕ್ಕಿನಲ್ಲಿ ತಕ್ಕ ವ್ಯವಸ್ಥೆಯಿಲ್ಲವೆಂದು 2021ರಲ್ಲಿ ಅದರ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹಾಗನ್ ಹೊರಹಾಕಿದ ದಾಖಲೆಗಳು ಹೇಳಿದ್ದವು. ಕೋಟ್ಯಂತರ ಜನರ ಆ ಭಾಷೆಗಳ ಗತಿಯೇ ಅದಾದರೆ, ಅರ್ಧ ಕನ್ನಡ, ಅರ್ಧ ತೆಲುಗು, ಅದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಮಾಧವರಂ ಕಡೆಯ ಬೈಗುಳ ಯಾವ ಯಂತ್ರಕ್ಕೆ ಅರ್ಥವಾದೀತು? ಅದೇ ಯಂತ್ರಕ್ಕೆ ಕಿವಿ ಮಾತ್ರ ಅದ್ಭುತ. ಮದುವೆ ವಿಡಿಯೋದ ಹಿಂದೆ ಸಿನಿಮಾ ಹಾಡು ಹತ್ತು ಸೆಕೆಂಡು ಕೇಳಿಸಲಿ, ಹಿಡಿದು ಬಾಯಿ ಮುಚ್ಚಿಸುತ್ತದೆ. ಹಾಡಿಗೆ ಒಡೆಯನಿದ್ದಾನೆ. ಯಂತ್ರವೂ ಕೊನೆಗೆ ಕೇಳುವುದು ಅದನ್ನೇ: ಎವರಿ ಪಾಟ?

ಉಳಿದದ್ದು ಗ್ರೂಪು. ಊರಿನ ಯುವಕ ಮಂಡಳಿಯ ವಾಟ್ಸಾಪ್ ಗ್ರೂಪು. ಬೆಳಿಗ್ಗೆ ರಾಯರ ಫೋಟೋ, ಮಧ್ಯಾಹ್ನ ಹತ್ತಿ ರೇಟು, ರಾತ್ರಿ ಹುಡುಗಿ. ಅಡ್ಮಿನ್‌ನನ್ನು ಕೇಳಿದೆ. ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಅಂತ 2022ರಲ್ಲಿ ಕೇರಳ ಹೈಕೋರ್ಟೇ ಹೇಳಿದೆ ಅಂದ. ಕೇಳಿ ಆಶ್ಚರ್ಯವಾಯಿತು. ಹತ್ತನೇ ತರಗತಿ ಮೂರು ಸಲ ಕಟ್ಟಿದವನು ಈ ಒಂದು ತೀರ್ಪನ್ನು ಕಂಠಪಾಠ ಮಾಡಿದ್ದಾನೆ. ಹೊಣೆಯಲ್ಲದಿದ್ದರೆ ಹೋಗಲಿ, ಅವನನ್ನು ತೆಗೆಯಬಹುದಿತ್ತಲ್ಲ ಅಂದೆ. "ನಮ್ಮ ಹುಡುಗನಾ ಅಲ್ಲೇನು ಸರ, ಹೆಂಗ ತೆಗೀಲಿ?" ಹುಡುಗ ಯಾರ ಕಡೆಯವನು ಅನ್ನುವುದೂ ಮುಖ್ಯವೇ.

ನಾನೂ ಆ ಗ್ರೂಪಿನಲ್ಲಿದ್ದೇನೆ. ಅಲ್ಲಿ ಇನ್ನೂರ ಹನ್ನೊಂದು ಜನ. ಫೋಟೋ ಬಿದ್ದ ರಾತ್ರಿ ಎಂಟು ಜನ ನಗುವ ಚಿಹ್ನೆ ಹಾಕಿದರು. ಮಿಕ್ಕ ಇನ್ನೂರ ಮೂರು ಜನ ಸಭ್ಯರು, ಏನೂ ಹಾಕಲಿಲ್ಲ. ಏನೂ ಹೇಳಲೂ ಇಲ್ಲ. ನಾನು ಗ್ರೂಪನ್ನು ಮ್ಯೂಟ್ ಮಾಡಿ ಈ ಬರಹ ಶುರು ಮಾಡಿದೆ. ಅಂಥ ದೊಡ್ಡ ಪರಾಕ್ರಮ ನನ್ನದು.

ಮೊನ್ನೆ ಸಂಜೆ ಗುಂಟೂರಿನಿಂದ ಅಪ್ಪ ಫೋನು ಮಾಡಿದ. ಮಗಳ ನಂಬರು ಸ್ವಿಚ್ ಆಫ್. ಪಕ್ಕದ ಮನೆಗೆ ಮಾಡಿ ಅವ್ವನನ್ನು ಕರೆಸಿದ.

"ಅವ್ವ, ಪಾಪಿಗೆ ಫೋನ್ ಕೊಡು."

"ಫೋನ್ ಬೀರುದಾಗ ಐತಪ್ಪ."

"ತಗದು ಕೊಡು ಮತ್ತ."

"ಕೀಲಿ ನಿನ್ನ ಮಗನ ಹತ್ರ ಐತಿ."

"ಅಂವ ಎಲ್ಲಿ?"

"ಕಟ್ಟಿ ಮ್ಯಾಲ ಕುಂತಾನ. ಹುಡುಗ್ರು ಎಲ್ಲಾರೂ ಸೇರ್ಯಾರ. ಫೋನ್‌ನಾಗ ಏನೋ ನೋಡಿ ನಗಾಕತ್ಯಾರ."